ಬೀಗದೊಳಗಿನ ಮಳೆಗಾಲ

ಜಡಿಮಳೆಯ ತಿಂಗಳುಗಳು ಕಳೆದು, ಗದ್ದೆಗಳಲ್ಲಿ ನಾಟಿಯ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲ ದಿನಗಳ ಎಳೆಬಿಸಿಲು ಬೆಟ್ಟಗಳ ನೆತ್ತಿಯ ಮೇಲೆ ಮೂಡುವ ಹೊತ್ತಿಗೆ ಕೊಡಗಿನಲ್ಲಿ ಕೈಲ್ ಮುಹೂರ್ತದ ಸಡಗರ ತೊಡಗುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ಒರಸಿ, ಕನ್ನಿಕೋಂಬರೆಯೆಂಬ ಪೂಜೆಯ ಕೋಣೆಯಲ್ಲಿ ಸಾಲಾಗಿ ಇರಿಸಿ, ಗಂಧ ಹಚ್ಚಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ನುಡಿಯಲ್ಲಿ ಕೋವಿ. ಪೂ ಎಂದರೆ ಹೂ. ಉರಿಯ ನಾಲಗೆಯಂತೆ ಕೆಂಪು ಹಳದಿಯಾಗಿ ಅರಳುವ ಈ ಹೂವಿಗೆ ಕನ್ನಡದಲ್ಲಿ ಅಗ್ನಿಶಿಖೆ ಎಂಬ ಹೆಸರುಂಟು. ಪೂಜೆ ಮುಗಿದ ಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ.

ಬೇಸಾಯದ ದಿನಗಳಲ್ಲಿ ಆಯುಧಗಳನ್ನು ಒಳಗಿಟ್ಟು, ನಾಟಿ ಮುಗಿದ ಬಳಿಕ ಈ ದಿನ ಮರಳಿ ಕೈಗೆತ್ತಿಕೊಳ್ಳುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಆದರೆ ಈ ಪದ್ಧತಿಯೊಳಗೇ ಒಂದು ಸಂಕಟವೂ ಅಡಗಿದೆ. ವರ್ಷದ ಅತ್ಯಂತ ತೇವದ ತಿಂಗಳುಗಳಲ್ಲಿಯೇ ಕೋವಿ ಯಾರ ಕಣ್ಣಿಗೂ ಬೀಳದೆ ಕತ್ತಲಲ್ಲಿರುತ್ತದೆ. ಪೂಜೆಯ ಮುನ್ನಾದಿನ ಉಕ್ಕಿನ ಬೀರುವಿನ ಬಾಗಿಲು ತೆರೆದಾಗ, ಅಜ್ಜನ ಕಾಲದ ನಳಿಗೆಯ ಮೇಲೆ ಹೆಬ್ಬೆರಳಿನಷ್ಟಗಲದ ಕೆಂಪು ಕಲೆ ಮೂಡಿರುವುದನ್ನು ಕಂಡು ಮನೆಯ ಯಜಮಾನರ ಮುಖ ಬಾಡುವುದು ಅಪರೂಪವಲ್ಲ. ಬೀಗ ಭದ್ರವಾಗಿದೆ, ಬೀರು ಹೊಸದು, ಮಳೆಯ ಒಂದು ಹನಿಯೂ ಒಳಗೆ ಬಿದ್ದಿಲ್ಲ. ಹಾಗಾದರೆ ಈ ತುಕ್ಕು ಬಂದುದಾದರೂ ಎಲ್ಲಿಂದ?

ಗೋಡೆಯಿಂದ ಬೀರುವಿಗೆ

ಕೊಡಗಿನ ಮನೆಯಲ್ಲಿ ಕೋವಿಯೆಂಬುದು ಕೇವಲ ಆಯುಧವಲ್ಲ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ವಾಡಿಕೆ ಅಲ್ಲಿಯದು. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಹೊಸ ತೆನೆ ಕೊಯ್ಯುವಾಗಲೂ ಕೋವಿ ಸದ್ದು ಮಾಡಬೇಕು. 1861ರಲ್ಲಿ, ಮಾರ್ಕ್ ಕಬ್ಬನ್ ಅವರು ಕೊಡಗಿನ ಮುಖ್ಯ ಕಮಿಷನರಾಗಿದ್ದಾಗ, ಕೊಡಗರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದ ಆಯುಧ ಕಾಯಿದೆಯಡಿಯಲ್ಲಿಯೂ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಮುಂದುವರಿದಿದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಹೀಗಾಗಿ ತಲೆಮಾರಿನಿಂದ ತಲೆಮಾರಿಗೆ ಬಂದ ಕೋವಿಗಳು ಇಂದಿಗೂ ಅಲ್ಲಿಯ ಅನೇಕ ಮನೆಗಳಲ್ಲಿ ಉಂಟು.

ಗೋಡೆಯ ಗೂಟಕ್ಕೆ ನೇತುಹಾಕಿದ ಕೋವಿಗೆ ಸುತ್ತಲೂ ಗಾಳಿಯಾಡುತ್ತದೆ. ಹೋಗಿ ಬರುವವರ ಕಣ್ಣು ದಿನಕ್ಕೆ ಹತ್ತು ಸಲ ಅದರ ಮೇಲೆ ಬೀಳುತ್ತದೆ. ಕಲೆ ಮೂಡಿದರೆ ಆ ದಿನವೇ ತಿಳಿಯುತ್ತದೆ. ಆದರೆ ಗೋಡೆಯ ಮೇಲಿನ ಕೋವಿ ಕಳ್ಳನಿಗೂ ಸುಲಭ, ಆಡುವ ಮಗುವಿಗೂ ಸುಲಭ. ಈ ಕಾರಣದಿಂದಲೇ ಅದನ್ನು ಉಕ್ಕಿನ ಬೀರುವಿನೊಳಗಿಟ್ಟು ಬೀಗ ಹಾಕುವುದು ಇಂದಿನ ವಿವೇಕ. ಈ ವಿವೇಕದಲ್ಲಿ ರಾಜಿಗೆ ಎಡೆಯಿಲ್ಲ. ಆದರೆ ಬೀಗದ ಜೊತೆಗೆ ಒಂದು ಹೊಸ ತೊಂದರೆಯೂ ಬಂದಿತು. ಕಳ್ಳನನ್ನು ಹೊರಗಿಡುವ ಪೆಟ್ಟಿಗೆ ತೇವವನ್ನು ಹೊರಗಿಡುವುದಿಲ್ಲ. ಒಳಗೆ ಸೇರಿದ ತೇವವನ್ನು ಹೊರಹೋಗಲೂ ಬಿಡುವುದಿಲ್ಲ. ತುಕ್ಕಿಗೆ ಹೆದರಿ ಮಳೆಗಾಲದಲ್ಲಿ ಬೀರುವಿನ ಬಾಗಿಲನ್ನು ಓರೆಯಾಗಿ ತೆರೆದಿಡುವವರೂ ಇದ್ದಾರೆ. ಕೋವಿಯನ್ನು ಉಳಿಸಲು ಹೋಗಿ ಮಗುವನ್ನು ಅಪಾಯಕ್ಕೊಡ್ಡುವ ಈ ಉಪಾಯಕ್ಕಿಂತ ತುಕ್ಕೇ ಮೇಲು. ಬೀಗವನ್ನು ಬಿಡದೆ ಒಳಗಣ ಗಾಳಿಯನ್ನು ಒಣಗಿಸುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ.

ಗಾಳಿ ಕುಡಿಯುವ ನೀರು

ಗಾಳಿಯಲ್ಲಿ ಸದಾ ಸ್ವಲ್ಪ ನೀರಾವಿ ಇರುತ್ತದೆ. ಬೆಚ್ಚನೆಯ ಗಾಳಿ ಹೆಚ್ಚು ನೀರಾವಿಯನ್ನು ತಾಳಬಲ್ಲದು. ತಣ್ಣನೆಯ ಗಾಳಿ ಕಡಮೆ. 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ತಾಳಿದರೆ, 20 ಡಿಗ್ರಿಯಲ್ಲಿ ಅದರ ಶಕ್ತಿ ಸುಮಾರು 17 ಗ್ರಾಮಿಗೆ ಇಳಿಯುತ್ತದೆ. ಗಾಳಿ ತಾಳಬಲ್ಲ ನೀರಾವಿಯಲ್ಲಿ ನಿಜವಾಗಿ ಎಷ್ಟು ಪಾಲು ಇದೆಯೆಂಬ ಲೆಕ್ಕಕ್ಕೆ ಸಾಪೇಕ್ಷ ಆರ್ದ್ರತೆ ಎಂದು ಹೆಸರು. ಅದನ್ನು ಶೇಕಡಾವಾರಿನಲ್ಲಿ ಹೇಳುತ್ತಾರೆ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಅಲ್ಲಿ ಸುರಿಯುತ್ತದೆ. ಅದು ಬೆಂಗಳೂರಿನ ಮಳೆಯ ಮೂರು ಪಾಲಿಗೂ ಮಿಗಿಲು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಬಟ್ಟೆ ಒಣಗದೆ ಒಲೆಯ ಮುಂದೆ ಹರವುವ, ಚಪ್ಪಲಿಗೆ ರಾತ್ರಿ ಕಳೆಯುವುದರೊಳಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಹೊರಗಿನ ಆರ್ದ್ರತೆ ಶೇಕಡಾ 90ನ್ನು ದಾಟುವುದು ಸಾಮಾನ್ಯ.

ಇಂಥ ಗಾಳಿ ತುಂಬಿದ ಬೀರುವಿನೊಳಗೆ ನಡೆಯುವುದೇನು? 20 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವವಿದ್ದ ಗಾಳಿ ಎರಡು ಡಿಗ್ರಿ ತಣ್ಣಗಾದರೂ ಸಾಕು, ಹೆಚ್ಚಿನ ನೀರಾವಿ ಇಬ್ಬನಿಯಾಗಿ ಇಳಿಯುತ್ತದೆ. ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬು ಹೊರಮೈಯಲ್ಲಿ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ರಾತ್ರಿಯ ಚಳಿಗೆ ತಣ್ಣಗಾದ ನಳಿಗೆಯೂ ಮಧ್ಯಾಹ್ನ ಬಾಗಿಲು ತೆರೆದು ಬೆಚ್ಚನೆಯ ತೇವದ ಗಾಳಿ ಒಳನುಗ್ಗಿದೊಡನೆ ಹಾಗೆಯೇ ಬೆವರುತ್ತದೆ. ಆ ಬೆವರು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಕಬ್ಬಿಣಕ್ಕೆ ಅದು ಸಾಕು.

ಇಬ್ಬನಿಯಾಗಿ ಇಳಿಯಲೇಬೇಕೆಂಬ ನಿಯಮವೂ ಇಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವರ್ನನ್ ಅವರು ಕಬ್ಬಿಣದ ತುಂಡುಗಳನ್ನು ಬೇರೆ ಬೇರೆ ಆರ್ದ್ರತೆಯ ಗಾಳಿಯಲ್ಲಿರಿಸಿ, ಗಾಳಿಗೆ ಗಂಧಕದ ಹೊಗೆಯನ್ನು ಕಿಂಚಿತ್ತು ಬೆರೆಸಿ ಪರೀಕ್ಷಿಸಿದರು. ಆರ್ದ್ರತೆ ಶೇಕಡಾ 60ರ ಸುಮಾರಿಗೆ ಬರುವವರೆಗೆ ತುಕ್ಕು ಬಹು ನಿಧಾನವಾಗಿತ್ತು. ಆ ಗೆರೆಯನ್ನು ದಾಟಿದೊಡನೆ ತಟ್ಟನೆ ವೇಗ ಪಡೆಯಿತು. ಕೋವಿಯ ಬೀರುವನ್ನು ಶೇಕಡಾ 50ರ ಆಸುಪಾಸಿನಲ್ಲಿ ಇಡಬೇಕೆಂಬ ಸಲಹೆಗೆ ಇಂಥ ಪರೀಕ್ಷೆಗಳೇ ಆಧಾರ.

ತುಕ್ಕನ್ನು ಸಾಕುವ ಪೆಟ್ಟಿಗೆ

ಬೆರಳಿನ ಬೆವರಿನಲ್ಲಿ ಉಪ್ಪಿದೆ. ಉಪ್ಪು ಗಾಳಿಯಿಂದ ನೀರನ್ನು ಸೆಳೆಯುತ್ತದೆ. ಒರಸದೆ ಬಿಟ್ಟ ಕೈಗುರುತು ಒಂದು ವಾರದೊಳಗೆ ಕೆಂಪು ಮುದ್ರೆಯಾಗಿ ಎದ್ದು ಕಾಣುವುದು ಇದರಿಂದಲೇ. ಕರಿಮದ್ದು ತುಂಬುವ ಹಳೆಯ ಕೇಪಿನ ಕೋವಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಹೊಡೆದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯೂ ನೀರನ್ನು ಹೀರುವ ಜಾತಿಯದೇ. ಒಮ್ಮೆ ಹಿಡಿದ ತುಕ್ಕು ಸ್ಪಂಜಿನಂತೆ ಸಡಿಲವಾಗಿರುವುದರಿಂದ ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಕೆಳಗಿನ ಒಳ್ಳೆಯ ಲೋಹವನ್ನೂ ತಿನ್ನುತ್ತ ಹೋಗುತ್ತದೆ.

ವಿಚಿತ್ರವೆಂದರೆ, ಕೋವಿಯ ಮೈಗೆ ಕಪ್ಪುನೀಲಿ ಹೊಗರನ್ನು ಕೊಡುವ ಹಳೆಯ ಕುಶಲಿಗಳು ಇದೇ ತುಕ್ಕನ್ನು ಬೇಕೆಂದೇ ಬೆಳೆಸುತ್ತಾರೆ. ಉಜ್ಜಿ ನುಣುಪು ಮಾಡಿದ ನಳಿಗೆಗೆ ದ್ರಾವಣ ಸವರಿ, ತೇವ ತುಂಬಿದ ಪೆಟ್ಟಿಗೆಯೊಳಗೆ ಕೆಲವು ಗಂಟೆಗಳ ಕಾಲ ಇರಿಸಿ, ತೆಳುವಾದ ಕೆಂಪು ಪದರ ಬಂದೊಡನೆ ಕುದಿಯುವ ನೀರಿನಲ್ಲಿ ಮುಳುಗಿಸುತ್ತಾರೆ. ಕೆಂಪು ಕಪ್ಪಾಗುತ್ತದೆ, ಸಡಿಲವಾದುದನ್ನು ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ತೊಡಗುತ್ತಾರೆ. ಹೀಗೆ ಹಲವು ಬಾರಿ ಮಾಡಿದಾಗ ಗಟ್ಟಿಯಾದ ಹೊಗರು ಕೂಡುತ್ತದೆ. ಮುಚ್ಚಿದ ಪೆಟ್ಟಿಗೆ, ನಿಂತ ಗಾಳಿ, ತೇವ: ಕುಶಲಿ ತನ್ನ ಕೆಲಸಕ್ಕಾಗಿ ಕೂಡಿಸುವ ಈ ಮೂರೂ ಮಳೆಗಾಲದ ಬೀರುವಿನಲ್ಲಿ ತಾವಾಗಿಯೇ ಕೂಡಿಬರುತ್ತವೆ. ಸಮಯಕ್ಕೆ ಸರಿಯಾಗಿ ನಿಲ್ಲಿಸುವ ಕೈ ಮಾತ್ರ ಅಲ್ಲಿಲ್ಲ.

ಮೊದಲು ಸ್ಥಳ, ಅನಂತರ ಔಷಧ

ಅಂಗಡಿಯಿಂದ ಏನನ್ನಾದರೂ ತರುವ ಮೊದಲು ಬೀರುವಿನ ಸ್ಥಳವನ್ನು ಪರೀಕ್ಷಿಸತಕ್ಕದ್ದು. ಮಳೆ ಹೊಡೆಯುವ ಹೊರಗೋಡೆಗೆ ಒರಗಿಸಿದ ಬೀರು ಆ ಗೋಡೆಯ ತಂಪನ್ನೂ ಪಸೆಯನ್ನೂ ಹಂಚಿಕೊಳ್ಳುತ್ತದೆ. ಮನೆಯ ನಡುವಿನ ಒಳಗೋಡೆಗೆ, ನೆಲದಿಂದ ನಾಲ್ಕು ಬೆರಳು ಎತ್ತರಿಸಿ, ಭದ್ರವಾಗಿ ಬಿಗಿಯುವುದು ಲೇಸು. ಬಚ್ಚಲು ಮನೆಯ ಪಕ್ಕದ ಕೋಣೆ, ನೆಲಮಾಳಿಗೆ, ಉಗ್ರಾಣ ಇವು ತಕ್ಕ ಸ್ಥಳಗಳಲ್ಲ. ಬೆಂಕಿಗೆ ಜಗ್ಗದ ತಿಜೋರಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವುಗಳಲ್ಲಿ ಅನೇಕಕ್ಕೆ ಒಳಮೈಯಲ್ಲಿ ಜಿಪ್ಸಂ ಹಲಗೆಯನ್ನು ಹೊದಿಸಿರುತ್ತಾರೆ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರು ಅದರ ರಚನೆಯಲ್ಲಿಯೇ ಬೆಸೆದುಕೊಂಡಿದೆ. ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಒಳಗಿನ ವಸ್ತುಗಳನ್ನು ಕಾಯುತ್ತದೆ. ಆದರೆ ಹಲಗೆ ಹೊರಗಿನ ತೇವವನ್ನೂ ಹೀರಬಲ್ಲುದಾದ್ದರಿಂದ ಅಂಥ ತಿಜೋರಿಗೆ ಹೆಚ್ಚಿನ ನಿಗಾ ಅಗತ್ಯ.

ಒಳಗೆ ಇಡಬಾರದವುಗಳ ಪಟ್ಟಿಯೂ ಮುಖ್ಯವೇ. ಚರ್ಮದ ಚೀಲ, ದಪ್ಪ ಬಟ್ಟೆಯ ಗವಸು, ಹಳೆಯ ಕಾಗದ ಪತ್ರಗಳು, ರಟ್ಟಿನ ಪೆಟ್ಟಿಗೆಗಳು ಇವೆಲ್ಲ ನೀರನ್ನು ಹೀರಿ ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲಗೆ ಬಿಡುವ ವಸ್ತುಗಳು. ಕೋವಿಯನ್ನು ಚರ್ಮದ ಚೀಲದೊಳಗಿಟ್ಟು ಬೀರುವಿನಲ್ಲಿಡುವುದೆಂದರೆ ಒದ್ದೆ ಕಂಬಳಿ ಹೊದಿಸಿ ಮಲಗಿಸಿದಂತೆ. ಅದು ಬರಿಮೈಯಲ್ಲಿ, ತೆಳುವಾದ ಎಣ್ಣೆಯ ಲೇಪದೊಡನೆ, ಬೀರುವಿನ ಗೋಡೆಗೆ ತಾಗದಂತೆ ನಿಲ್ಲಬೇಕು. ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಕಾಗದದ ಹೊದಿಕೆಯ ಹಳೆಯ ತೋಟೆಗಳು ತೇವಕ್ಕೆ ಉಬ್ಬಿ ನಳಿಗೆಯೊಳಗೆ ಸೇರದೆ ಹೋಗುವುದುಂಟು.

ಬಿಸಿಯ ದಾರಿ, ಹರಳಿನ ದಾರಿ

ಒಳಗಣ ಆರ್ದ್ರತೆಯನ್ನು ತಗ್ಗಿಸಲು ಎರಡು ದಾರಿಗಳುಂಟು. ಮೊದಲನೆಯದು ಗಾಳಿಯನ್ನು ಬೆಚ್ಚಗೆ ಮಾಡುವುದು. ಇದಕ್ಕಾಗಿ ಬೀರುವಿನ ತಳದಲ್ಲಿ ಅಡ್ಡಲಾಗಿ ಇಡುವ, ಹತ್ತಿಪ್ಪತ್ತು ವಾಟಿನಷ್ಟೇ ವಿದ್ಯುತ್ತನ್ನು ಬಳಸುವ ಕಾಯುವ ಸಲಾಕೆಗಳು ದೊರೆಯುತ್ತವೆ. ಸಲಾಕೆಯು ನೀರನ್ನು ತೆಗೆಯುವುದಿಲ್ಲ. ಗಾಳಿಯ ತಾಳುವ ಶಕ್ತಿಯನ್ನು ಹೆಚ್ಚಿಸುತ್ತದೆ, ಅಷ್ಟೆ. 20 ಡಿಗ್ರಿಯಲ್ಲಿ ಶೇಕಡಾ 90ರಷ್ಟಿದ್ದ ಆರ್ದ್ರತೆ, ಅದೇ ಗಾಳಿ 25 ಡಿಗ್ರಿಗೆ ಏರಿದಾಗ ಶೇಕಡಾ 68ರ ಸುಮಾರಿಗೂ, 30 ಡಿಗ್ರಿಗೆ ಏರಿದಾಗ ಶೇಕಡಾ 51ರ ಸುಮಾರಿಗೂ ಇಳಿಯುತ್ತದೆ. ಹಿಂದೆ ಪುಸ್ತಕದ ಬೀರುವಿನಲ್ಲಿಯೋ ಹಾರ್ಮೋನಿಯಮ್ಮಿನ ಪೆಟ್ಟಿಗೆಯ ಬಳಿಯೋ ಸಣ್ಣ ತಂತಿ ಬಲ್ಬನ್ನು ಉರಿಸುತ್ತಿದ್ದುದರ ಗುಟ್ಟೂ ಇದೇ. ಇಂದಿನ ಎಲ್‌ಇಡಿ ಬಲ್ಬು ಬೆಳಕನ್ನು ಕೊಟ್ಟರೂ ಅಷ್ಟು ಶಾಖವನ್ನು ಕೊಡದು. ತಂತಿ ಬಲ್ಬೋ ಬಟ್ಟೆಗೆ ತಾಗಿದರೆ ಬೆಂಕಿಯ ಭಯ. ಆದ್ದರಿಂದ ಈ ಕೆಲಸಕ್ಕೆಂದೇ ಮಾಡಿದ ಸಲಾಕೆಯೇ ಉತ್ತಮ. ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಇದನ್ನೊಂದನ್ನೇ ನಂಬಿ ಕೂಡುವಂತಿಲ್ಲ. ಸಲಾಕೆ ತಣ್ಣಗಾದೊಡನೆ ಆರ್ದ್ರತೆ ಮೊದಲಿನ ಮಟ್ಟಕ್ಕೇರುತ್ತದೆ.

ಎರಡನೆಯದು ನೀರನ್ನೇ ಹೀರಿ ತೆಗೆಯುವ ದಾರಿ. ಔಷಧದ ಸೀಸೆಗಳಲ್ಲಿ, ಹೊಸ ಪಾದರಕ್ಷೆಗಳ ಪೆಟ್ಟಿಗೆಯಲ್ಲಿ ಸಿಗುವ ಪುಟ್ಟ ಪೊಟ್ಟಣದ ಹರಳುಗಳೇ ಸಿಲಿಕಾ ಜೆಲ್. ಇದನ್ನು ತಯಾರಿಸುವ ವಿಧಾನಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಅವರು 1919ರಲ್ಲಿ ಪೇಟೆಂಟ್ ಪಡೆದರು. ಹರಳಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದು, ನೀರಾವಿ ಅವುಗಳ ಗೋಡೆಗೆ ಅಂಟಿಕೊಳ್ಳುತ್ತದೆ.

ಎಷ್ಟು ಹರಳು ಬೇಕೆಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಅರ್ಧ ಘನ ಮೀಟರಿನ ಬೀರುವಿನ ಗಾಳಿಯಲ್ಲಿ, 20 ಡಿಗ್ರಿಯಲ್ಲಿ, ಆರ್ದ್ರತೆಯನ್ನು ಶೇಕಡಾ 90ರಿಂದ 50ಕ್ಕೆ ಇಳಿಸಲು ತೆಗೆಯಬೇಕಾದ ನೀರು ಸುಮಾರು 3.5 ಗ್ರಾಂ ಮಾತ್ರ. ಒಂದು ಟೀ ಚಮಚದಷ್ಟೂ ಇಲ್ಲ! ಅರ್ಧ ಕಿಲೋ ಹರಳು ಆ ಮಟ್ಟದ ಆರ್ದ್ರತೆಯಲ್ಲಿ ತನ್ನ ತೂಕದ ಸುಮಾರು ಕಾಲು ಭಾಗ, ಎಂದರೆ 125 ಗ್ರಾಂ ನೀರನ್ನು ಹೀರಬಲ್ಲುದು. ಹಾಗಿದ್ದರೂ ಹರಳು ತಿಂಗಳೊಳಗೆ ಸೋಲುವುದೇಕೆ? ಪ್ರತಿ ಸಲ ಬಾಗಿಲು ತೆರೆದಾಗ ಹೊಸ ಗಾಳಿ ತನ್ನ ಪಾಲಿನ ನೀರನ್ನು ತರುತ್ತದೆ. ಬಾಗಿಲಿನ ಸಂದು, ಬೀಗದ ಕಿಂಡಿ, ಹಿಂಬದಿಯ ತೂತುಗಳಿಂದ ಹಗಲಿರುಳೂ ತೇವ ನುಸುಳುತ್ತದೆ. ಕೋವಿಯ ಮರದ ಹಿಡಿಯೂ ಒಳಗಿನ ಬಟ್ಟೆಯೂ ತಮ್ಮಲ್ಲಿದ್ದುದನ್ನು ಬಿಡುತ್ತವೆ. ಆದ್ದರಿಂದ ಸಂದುಗಳಿಗೆ ರಬ್ಬರಿನ ಪಟ್ಟಿ ಹಚ್ಚುವುದು, ಕಾರಣವಿಲ್ಲದೆ ಬಾಗಿಲು ತೆರೆಯದಿರುವುದು, ಹರಳನ್ನು ಇನ್ನಷ್ಟು ತುಂಬುವುದಕ್ಕಿಂತ ಹೆಚ್ಚು ಫಲಕಾರಿ.

ನೀರುಂಡ ಹರಳನ್ನು ಎಸೆಯಬೇಕಾಗಿಲ್ಲ. ಸುಮಾರು 120 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ, ಬಿಗಿಯಾದ ಡಬ್ಬಿಯಲ್ಲಿ ಆರಿಸಿದರೆ ಮರಳಿ ಕೆಲಸಕ್ಕೆ ಸಿದ್ಧ. ಒಣಗಿದಾಗ ನೀಲಿಯಾಗಿದ್ದು ತೇವದಲ್ಲಿ ಗುಲಾಬಿಯಾಗುವ ಹರಳುಗಳಲ್ಲಿ ಕೋಬಾಲ್ಟಿನ ಲವಣವಿದ್ದು, ಅದು ದೇಹಕ್ಕೆ ಹಿತವಲ್ಲ; ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನು ಆರಿಸಿಕೊಳ್ಳುವುದು ಮೇಲು. ಯಾವ ಬಗೆಯಾದರೂ ಅಡುಗೆಯ ಪಾತ್ರೆಯಲ್ಲಿ ಹುರಿಯಬಾರದು. ಮಕ್ಕಳ ಕೈಗೆ ಸಿಗಬಾರದು.

ಬೇರೆ ಮನೆಮದ್ದುಗಳ ಗುಣದೋಷಗಳನ್ನೂ ತಿಳಿದಿರಬೇಕು. ನುಸಿಗುಳಿಗೆ ಹುಳುವನ್ನು ಓಡಿಸೀತು, ನೀರನ್ನು ಹೀರದು. ಅಕ್ಕಿ, ಇದ್ದಲುಗಳ ಶಕ್ತಿ ಅಲ್ಪ. ಸುಟ್ಟ ಸುಣ್ಣ ನೀರನ್ನು ಹೀರುವುದು ನಿಜ. ಆದರೆ ಅದರ ಪುಡಿ ಕೈಯನ್ನೂ ಕಣ್ಣನ್ನೂ ಸುಡುವಂಥದು. ಬಟ್ಟೆಯ ಬೀರುವಿಗೆಂದು ಮಾರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಚೆನ್ನಾಗಿ ಹೀರುತ್ತವೆ. ಆದರೆ ಹೀರಿದ ನೀರು ಡಬ್ಬಿಯ ತಳದಲ್ಲಿ ಉಪ್ಪುನೀರಾಗಿ ನಿಲ್ಲುತ್ತದೆ. ಅದು ಚೆಲ್ಲಿದರೆ ತುಕ್ಕಿಗೆ ಅದಕ್ಕಿಂತ ದೊಡ್ಡ ಔತಣ ಬೇರಿಲ್ಲ.

ಅಳೆಯದೆ ತಿಳಿಯದು

ಬೀರುವಿನೊಳಗೆ ಪುಟ್ಟದೊಂದು ಆರ್ದ್ರತಾಮಾಪಕವನ್ನು ಇಡದೆ ಮೇಲಿನ ಯಾವ ಉಪಾಯದ ಫಲವೂ ತಿಳಿಯುವುದಿಲ್ಲ. ಅದು ಸರಿಯಾಗಿ ತೋರಿಸುತ್ತಿದೆಯೇ ಎಂಬುದನ್ನು ಅಡುಗೆಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಸೀಸೆಯ ಮುಚ್ಚಳವೊಂದರಲ್ಲಿ ಪುಡಿಯುಪ್ಪು ಹಾಕಿ, ಕರಗಿ ಹೋಗದಂತೆ ಕೆಲವೇ ಹನಿ ನೀರು ಬೆರೆಸಿ ಕೆಸರಿನಂತೆ ಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಸದಾ ಶೇಕಡಾ 75ರಲ್ಲಿ ನಿಲ್ಲುತ್ತದೆ. ಮುಂಜಾನೆ ಮಾಪಕ ಶೇಕಡಾ 70 ಎಂದರೆ ಅದು 5ರಷ್ಟು ಕಡಮೆ ತೋರಿಸುತ್ತಿದೆ ಎಂದರ್ಥ.

ಅತಿಯಾಗಿ ಒಣಗಿಸುವುದೂ ಸಲ್ಲದು. ಒಳ್ಳೆಯ ಕೋವಿಗಳ ಹಿಡಿ ಅಕ್ರೋಟಿನ ಮರದ್ದು. ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿದರೆ ಮರ ಸೆಟೆದು ಕುಗ್ಗಿ, ಲೋಹದೊಡನೆ ಕೂಡುವ ಸಂದಿಯಲ್ಲಿ ಬಿರುಕು ಬಿಡಬಹುದು. ಶೇಕಡಾ 45ರಿಂದ 55ರ ನಡುವಣ ಮಟ್ಟ ಕಬ್ಬಿಣಕ್ಕೂ ಮರಕ್ಕೂ ಒಪ್ಪುತ್ತದೆ. ಕಾರಿನೊಳಗೆ ಕ್ಯಾಮರಾ, ಪೆಟ್ಟಿಗೆಯಲ್ಲಿ ವೀಣೆ ಪಿಟೀಲುಗಳು, ಕಪಾಟಿನಲ್ಲಿ ಮದುವೆಯ ರೇಷ್ಮೆ ಸೀರೆ ಇರುವ ಮನೆಗಳಿಗೂ ಇದೇ ಲೆಕ್ಕ ಒದಗುತ್ತದೆ. ಮಸೂರಕ್ಕೆ ಹಿಡಿಯುವ ಬೂಷ್ಟಿಗೂ ಜರಿ ಮಂಕಾಗುವುದಕ್ಕೂ ಮೂಲ ಈ ತೇವವೇ.

ತಿಂಗಳಿಗೊಂದು ಹೊತ್ತು

ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ, ಮಳೆ ಬಿಟ್ಟ ದಿನ ನೋಡಿ, ಮಕ್ಕಳು ಹತ್ತಿರ ಇಲ್ಲದ ಹೊತ್ತಿನಲ್ಲಿ ಬೀರು ತೆರೆಯಬೇಕು. ಕೋವಿಯಲ್ಲಿ ತೋಟೆಯಿಲ್ಲವೆಂಬುದನ್ನು ಮೊದಲು ಕಣ್ಣಾರೆ ನೋಡಿ, ಎರಡನೆಯ ಬಾರಿಯೂ ನೋಡಿ ದೃಢಪಡಿಸಿಕೊಂಡ ಮೇಲೆಯೇ ಉಳಿದ ಕೆಲಸ. ನಳಿಗೆಯ ಹೊರಗನ್ನೂ ಒಳಗನ್ನೂ ಒಣಬಟ್ಟೆಯಿಂದ ಒರಸಿ, ಎಣ್ಣೆಯನ್ನು ತೆಳುವಾಗಿ ಸವರಬೇಕು. ಹೆಚ್ಚಾದ ಎಣ್ಣೆ ಕೆಳಗಿಳಿದು ಮರದ ಹಿಡಿಯನ್ನು ಮೆತ್ತಗಾಗಿಸುತ್ತದೆ. ಮುಟ್ಟಿದ ಕೈಗುರುತನ್ನು ಒರಸಿಯೇ ಒಳಗಿಡಬೇಕು. ಮಾಪಕದ ಅಂಕಿ, ಹರಳು ಕಾಯಿಸಿದ ದಿನ ಇವೆರಡನ್ನು ಬಾಗಿಲಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿ ಬರೆದಿಟ್ಟರೆ, ಮುಂದಿನ ವರ್ಷದ ಮಳೆಗಾಲಕ್ಕೆ ಅದೇ ಪಂಚಾಂಗ.

ಕೆಂಪು ಮೇಲಿಂದ ಮೇಲೆ ಇದ್ದರೆ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದಾಗ ಹೋದೀತು. ಆದರೆ ತುಕ್ಕು ಕುಳಿ ತೋಡಿದ್ದರೆ, ಮುಖ್ಯವಾಗಿ ನಳಿಗೆಯ ಒಳಗೆ ಕುಳಿ ಬಿದ್ದಿದ್ದರೆ, ಆ ಕೋವಿಯನ್ನು ಹಬ್ಬದ ಒಂದು ಗುಂಡಿಗೂ ಬಳಸತಕ್ಕದ್ದಲ್ಲ. ತೆಳುವಾದ ನಳಿಗೆ ಮದ್ದಿನ ಒತ್ತಡವನ್ನು ತಾಳದೆ ಸಿಡಿದರೆ ಹೊಡೆದವನ ಕೈಗೂ ಕಣ್ಣಿಗೂ ಕುತ್ತು. ಬಲ್ಲ ಕೋವಿ ಕೆಲಸಗಾರನಿಗೆ ತೋರಿಸಿ, ಅವನು ಒಪ್ಪಿದ ಮೇಲೆಯೇ ತೆಂಗಿನಕಾಯಿಗೆ ಗುರಿಯಿಡುವುದು. ಅವನು ಬೇಡವೆಂದರೆ, ಹಿರಿಯರ ನೆನಪಿಗಾಗಿ ಪೂಜೆಯ ಸಾಲಿನಲ್ಲಿ ಅದಕ್ಕೂ ಒಂದು ಹೂ ಸಲ್ಲುತ್ತದೆ; ತೋಟೆ ಮಾತ್ರ ಸಲ್ಲದು.